ಕರಿ ಚಡ್ಡಿಯ ಲೈನಿಂಗ್

ಜೋರಾಗಿ ನಕ್ಕರೆ ಒಂದು ಹನಿ. ಸೀನಿದರೆ ಎರಡು. ತುಂಬಿದ ಬಕೆಟ್ ಎತ್ತಿದರೆ, ಬಸ್ಸು ಹಿಡಿಯಲು ಓಡಿದರೆ, ಕೆಮ್ಮು ಹತ್ತಿದರೆ ಕೇಳುವುದೇ ಬೇಡ. ಸೀನು ಬರುವ ಮೊದಲೇ ಹೆಂಗಸರು ಕಾಲಿಗೆ ಕಾಲು ಬಿಗಿದು ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ನೋಡಿಯೂ ನೋಡದ ಹಾಗೆ ಇದ್ದಿರುತ್ತೀರಿ. ಮಂಡಿನೋವಾದರೆ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರ ಮುಂದೆಯೂ ಹೇಳಿಕೊಳ್ಳುತ್ತೇವೆ. ಇದನ್ನು ಮಾತ್ರ ಹೆತ್ತ ತಾಯಿಗೂ ಹೇಳುವುದಿಲ್ಲ.

ಇದು ಹಾಗೆ ಹೇಳದೇ ಉಳಿದ ಒಬ್ಬಳ ಕಥೆ. ಯಾರೋ ಮುದುಕಿಯ ಕಥೆ ಅಂದುಕೊಂಡಿರೇನೋ. ಅಲ್ಲ. ಮಕ್ಕಳನ್ನು ಹೆತ್ತವಳೂ ಅಲ್ಲ. ರಾಜ್ಯದ ಹೆಸರಾಂತ ತಂಡವೊಂದರಲ್ಲಿ ವಾಲಿಬಾಲ್ ಆಡುವ ಗಟ್ಟಿಮುಟ್ಟಾದ ಹುಡುಗಿ. ನೆಟ್ಟಿನ ನಡುವೆ ನಿಂತು, ಎದುರಿನವರು ಬೀಸಿ ಹೊಡೆದ ಚೆಂಡಿಗೆ ನೆಗೆದು ಎರಡೂ ಕೈ ಅಡ್ಡ ಹಿಡಿಯುವುದು ಅವಳ ಕೆಲಸ. ಆಟ ನೋಡಲು ಬರುವವರು ಅವಳಿಗೆ 'ಗೋಡೆ' ಎಂದೇ ಹೆಸರಿಟ್ಟಿದ್ದರು. ಚೆಂಡು ತಡೆದಾಗಲೆಲ್ಲ ಗ್ಯಾಲರಿಯಿಂದ 'ಗೋಡೆ, ಗೋಡೆ' ಎಂಬ ಕೂಗು ಏಳುತ್ತಿತ್ತು. ಕೆಳಗೆ ನಿಂತ ಗೋಡೆಗೆ ಮಾತ್ರ ಒಂದೇ ಚಿಂತೆ, ಚಡ್ಡಿ ಒದ್ದೆಯಾಗಿದೆಯೋ ಏನೋ.

ಮೊದಮೊದಲು ಬೆವರು ಅಂದುಕೊಂಡಳು. ನೆಗೆದು ಇಳಿದಾಗ ಮಾತ್ರ ಬರುವ ಬೆವರು ಯಾವುದು ಎಂದು ಒಂದು ದಿನ ತನ್ನನ್ನೇ ಕೇಳಿಕೊಂಡಳು. ಅಂದಿನಿಂದ ಆಟದ ದಿನ ನೀರು ಕುಡಿಯುವುದನ್ನೇ ಬಿಟ್ಟಳು. ಕೋಚ್ ಬಾಟಲಿ ಕೊಟ್ಟರೆ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗಿಯುತ್ತಿದ್ದಳು. ಕೊನೆಯ ಸೆಟ್ಟಿನ ಹೊತ್ತಿಗೆ ನಾಲಿಗೆ ಒಣಗಿ, ಮೀನಖಂಡ ಹಿಡಿದುಕೊಂಡು, ಕಣ್ಣು ಕತ್ತಲಿಡುತ್ತಿತ್ತು. ಕ್ಯಾಪ್ಟನ್ ಆದಮೇಲೆ ಮಾಡಿದ ಮೊದಲ ಕೆಲಸವೆಂದರೆ ತಂಡಕ್ಕೆ ಕಪ್ಪು ಚಡ್ಡಿ ಹಾಕಿಸಿದ್ದು. "ಕಪ್ಪು ನೋಡಿದ್ರೆ ಎದುರಿನೋರಿಗೆ ಭಯ ಆಗುತ್ತೆ," ಎಂದಳು. ಎಲ್ಲರೂ ಹೌದು ಹೌದು ಎಂದು ನಂಬಿದರು.

ಅವಳ ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಒಂದು ಹೊಲಿಗೆ ಮಷೀನು, ಮೊಳೆಗೆ ನೇತುಹಾಕಿದ ಕತ್ತರಿ, ಗಿರಾಕಿಗಳಿಗೆ ಒಂದು ಸ್ಟೂಲು. ಒಂದು ಕಾಲರ್ ತಿರುಗಿಸಲು ಕೊಟ್ಟರೂ ಹತ್ತು ಪ್ರಶ್ನೆ ಕೇಳುವ ಹೆಂಗಸು. ಮಗಳು ಒಂದು ದಿನ ಎರಡು ಕರಿ ಚಡ್ಡಿ ತಂದು, "ಅಮ್ಮಾ, ಒಳಗೆ ಮಧ್ಯದಲ್ಲಿ ದಪ್ಪಗೆ ಲೈನಿಂಗ್ ಹಾಕಿಕೊಡು, ಬೆವರು ಜಾಸ್ತಿ," ಅಂದಾಗ ಅಮ್ಮ ಒಂದೇ ಒಂದು ಮಾತು ಕೇಳಲಿಲ್ಲ. ಮೆತ್ತನೆಯ ಹತ್ತಿ ಬಟ್ಟೆ ಮೂರು ಮಡಿಕೆ ಮಾಡಿ ಹೊಲಿದು ಕೊಟ್ಟಳು. ಮಗಳು ಅದನ್ನು ಗಮನಿಸಲಿಲ್ಲ. ಬಚಾವಾದೆ ಅಂದುಕೊಂಡು ಎತ್ತಿಕೊಂಡು ಹೋದಳು.

ಅಮ್ಮ ಒಂದು ಆಟಕ್ಕೂ ಬಂದವಳಲ್ಲ. ಮಗಳು ಚಡ್ಡಿ ಹಾಕಿಕೊಂಡು ಅಷ್ಟು ಜನರ ಮುಂದೆ ನೆಗೆಯುವುದು ಅಮ್ಮನಿಗೆ ಅವಮಾನ ಎಂದು ಗೋಡೆ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಅದರ ನೋವು ಅವಳಿಗೆ ಇದ್ದೇ ಇತ್ತು.

ಹೀಗೆ ಮುಚ್ಚಿಟ್ಟುಕೊಂಡೇ ಐದು ವರ್ಷ ದಾಟಿತು. ಆಮೇಲೆ ಬಂತು ಆ ಫೈನಲ್.

ನಾಲ್ಕನೇ ಸೆಟ್ಟು, ಸಮಬಲದ ಆಟ. ಗೋಡೆ ಮೇಲಿಂದ ಮೇಲೆ ಮೂರು ಸಲ ನೆಗೆದಳು. ಮೂರನೇ ಸಲ ಇಳಿದಾಗ ಲೈನಿಂಗ್ ತಡೆಯಲಿಲ್ಲ. ಮರದ ನೆಲದ ಮೇಲೆ ನಾಲ್ಕಾರು ಹನಿ ಬಿತ್ತು. ನೆಲ ಒದ್ದೆಯಾದರೆ ಕೈ ಎತ್ತಬೇಕು, ರೆಫರಿ ಆಟ ನಿಲ್ಲಿಸುತ್ತಾರೆ, ಒರೆಸುವವರು ಬರುತ್ತಾರೆ. ಎಲ್ಲ ತಂಡಗಳೂ ಮಾಡುವುದೇ ಅದನ್ನು. ಆದರೆ ಒರೆಸಲು ಬಂದವರು ಬಗ್ಗಿ ನೋಡುತ್ತಾರೆ, ವಾಸನೆ ಗೊತ್ತಾಗುತ್ತದೆ. ಗೋಡೆ ಕೈ ಎತ್ತಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟವೆಲ್ ತೆಗೆದು, ಶೂ ಲೇಸ್ ಕಟ್ಟುವವಳ ಹಾಗೆ ಬಗ್ಗಿ ಸರಸರ ಎರಡು ಸಲ ಒರೆಸಿದಳು. ಅಷ್ಟರಲ್ಲಿ ಸೀಟಿ ಕೇಳಿಸಿತು.

ಮುಂದಿನ ಚೆಂಡಿಗೆ ಮರಿ ಓಡಿಬಂದಳು. ಮರಿ ಎಂದರೆ ತಂಡದ ಎಲ್ಲರಿಗಿಂತ ಚಿಕ್ಕವಳು, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಹುಡುಗಿ. ಒರೆಸಿಯೂ ಉಳಿದಿದ್ದ ಒದ್ದೆಯ ಮೇಲೆ ಅವಳ ಕಾಲು ಜಾರಿ, ಪಾದ ತಿರುಚಿಕೊಂಡಿತು. ಅವಳು ಕಿರುಚಿದ್ದು ಹೊರಗಿನ ರಸ್ತೆಗೂ ಕೇಳಿಸಿತಂತೆ. ಸ್ಟ್ರೆಚರ್ ಮೇಲೆ ಎತ್ತಿಕೊಂಡು ಹೋದರು.

ಬೈಗುಳ ಬಿದ್ದದ್ದು ನೆಲ ಒರೆಸುವ ಹೆಂಗಸಿಗೆ. ಪಂದ್ಯ ನಡೆಸುವ ಮೇಲ್ವಿಚಾರಕ ಎಲ್ಲರ ಎದುರಿಗೇ, "ಕಣ್ಣೆಲ್ಲಿ ಇಟ್ಟಿದ್ದೆ? ಬೆವರು ಬಿದ್ದದ್ದು ಕಾಣ್ಲಿಲ್ವಾ?" ಎಂದು ಗದರಿದ. ಆಕೆ ಕೋಲು ಹಿಡಿದುಕೊಂಡು ತಲೆ ತಗ್ಗಿಸಿ ನಿಂತಳು. ಗೋಡೆ ಪಕ್ಕದಲ್ಲೇ ಇದ್ದಳು, ಎಲ್ಲವನ್ನೂ ಕೇಳಿಸಿಕೊಂಡಳು, ತುಟಿ ಬಿಚ್ಚಲಿಲ್ಲ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ಭೂಮಿ ಹಾಗೆಲ್ಲ ಬೇಕೆಂದಾಗ ಬಾಯಿ ಬಿಡುವುದಿಲ್ಲ. ಅವಳು ಆಟ ಮುಗಿಸಿ, ಸೋತು, ಮನೆಗೆ ಬಂದಳು.

ಮರುದಿನ ಕೋಚ್‌ಗೆ ಫೋನ್ ಮಾಡಿ, "ಮಂಡಿ ನೋವು ಸರ್. ಇನ್ನು ನನ್ನ ಕೈಲಾಗಲ್ಲ. ಆಟ ಬಿಡ್ತೀನಿ," ಎಂದಳು. ದೊಡ್ಡ ಪಂದ್ಯಾವಳಿಗೆ ತಯಾರಿ ಶುರುವಾಗುವ ಸಮಯ. ಕೋಚ್ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಅಮ್ಮನ ಮಷೀನು ಒಂದು ಕ್ಷಣ ನಿಂತು, ಮತ್ತೆ ಓಡಿತು.

ವಾರದೊಳಗೆ ಮನೆಗೆ ಒಬ್ಬಳು ಬಂದಳು. ಎಡಚಿ. ಫೈನಲ್ ಗೆದ್ದ ತಂಡದ ಕ್ಯಾಪ್ಟನ್, ಎಡಗೈಯಲ್ಲಿ ಸಿಡಿಲಿನ ಹಾಗೆ ಹೊಡೆಯುವವಳು. ಎಂಟು ವರ್ಷದಿಂದ ಇಬ್ಬರೂ ನೆಟ್ಟಿನ ಆಚೆ ಈಚೆ ನಿಂತು ಗುರಾಯಿಸಿಕೊಂಡಿದ್ದೇ ಬಂತು, ಮಾತು ಅಷ್ಟಕ್ಕಷ್ಟೆ. ಗಿರಾಕಿಯ ಸ್ಟೂಲ್ ಎಳೆದುಕೊಂಡು ಕೂತಳು.

"ಮಂಡಿ ಹೇಗಿದೆ?"

"ನೋವಿದೆ."

"ಯಾವ ಮಂಡಿ?"

ಗೋಡೆ ತಡವರಿಸಿದಳು. "ಎಡಗಡೆದು."

"ಪೇಪರಿನೋರಿಗೆ ಬಲಗಡೆದು ಅಂದಿದ್ದೀಯ." ಎಡಚಿ ದನಿ ತಗ್ಗಿಸಿದಳು. "ನೋಡು, ಎಂಟು ವರ್ಷ ನಿನ್ನ ಮುಖ ನೋಡ್ಕೊಂಡೇ ಆಡಿದೋಳು ನಾನು. ನಿನ್ನ ಮಂಡಿಗೇನೂ ಆಗಿಲ್ಲ. ನೀನು ಟವೆಲ್‌ನಲ್ಲಿ ನೆಲ ಒರೆಸಿದ್ದು ನಾನು ನೋಡ್ದೆ. ಬೆವರು ಬಿದ್ರೆ ಯಾರೂ ಹಾಗೆ ಕದ್ದು ಒರೆಸಲ್ಲ. ನಾನೂ ಹಾಗೇ ಒರೆಸ್ತಿದ್ದೆ, ಅದಕ್ಕೇ ಗೊತ್ತಾಯ್ತು."

"ನೀನೇನು ಹೇಳ್ತಿದ್ದೀಯೋ ನಂಗರ್ಥ ಆಗ್ಲಿಲ್ಲ."

"ಅರ್ಥ ಆಗಿರೋದಕ್ಕೇ ಕಿವಿ ಕೆಂಪಾಗಿದೆ."

ಮಷೀನಿನ ಸದ್ದು ನಿಂತುಹೋಗಿತ್ತು. ಅಮ್ಮ ಮುಖ ಸಿಂಡರಿಸಿಕೊಂಡು, "ಏನಮ್ಮಾ ನೀನು, ಇಂಥದ್ದನ್ನೆಲ್ಲ ಬಾಯಿಬಿಟ್ಟು ಆಡ್ತಾರಾ? ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ. ಸಹಿಸ್ಕೊಂಡು ಹೋಗ್ಬೇಕು," ಎಂದಳು.

"ಯಾಕೆ ಸಹಿಸ್ಕೋಬೇಕಮ್ಮಾ? ಹಲ್ಲುನೋವು ಬಂದ್ರೆ ಸಹಿಸ್ಕೋತೀರಾ? ಮೂತ್ರದ ಚೀಲನ ಕೆಳಗಿಂದ ಹೊತ್ಕೊಂಡಿರೋ ಸ್ನಾಯು ಒಂದಿದೆ. ನಾವು ನೆಗೆದು ಇಳಿದಾಗಲೆಲ್ಲ ಭಾರ ಎಲ್ಲಾ ಅದರ ಮೇಲೆ. ತೋಳಿಗೆ, ತೊಡೆಗೆ, ಬೆನ್ನಿಗೆ ಕಸರತ್ತು ಮಾಡ್ಸಿದ್ರು. ಅದಕ್ಕೊಂದಕ್ಕೆ ಯಾರೂ ಮಾಡಿಸ್ಲಿಲ್ಲ. ಅದು ಸೋತುಹೋಯ್ತು, ಅಷ್ಟೇ."

"ಅದು ಹೆತ್ತವರಿಗೆ ಆಗೋದು. ಇವಳಿಗ್ಯಾಕೆ?"

"ಹೆತ್ತವರಿಗೆ ಜಾಸ್ತಿ. ಆದ್ರೆ ಹೆರದವರಿಗೂ ಆಗುತ್ತೆ. ಭಾರ ಎತ್ತೋರಿಗೆ, ಕೆಮ್ಮು ಬಿಡದೇ ಇರೋರಿಗೆ, ಮಲಬದ್ಧತೆ ಇರೋರಿಗೆ, ವಯಸ್ಸಾದೋರಿಗೆ."

"ಡಾಕ್ಟರ ಹತ್ರ ಹೋದ್ರೆ ಆಪರೇಷನ್ ಅಂತಾರೆ," ಅಮ್ಮ ಬಿಡಲಿಲ್ಲ.

"ನಂಗೂ ಅದೇ ಭಯ ಇತ್ತು. ಹೆಂಗಸರ ಡಾಕ್ಟರ ಹತ್ರ ಹೋದೆ. ಮೊದಲು ಸೋಂಕು ಇದೆಯಾ ಅಂತ ಮೂತ್ರ ಪರೀಕ್ಷೆ. ಆಮೇಲೆ ಫಿಸಿಯೋಥೆರಪಿಯವರ ಹತ್ರ ಕಳಿಸಿದ್ರು. ಅವರು ಆ ಸ್ನಾಯುವಿಗೆ ವ್ಯಾಯಾಮ ಹೇಳ್ಕೊಟ್ರು. ಎಷ್ಟೋ ಜನಕ್ಕೆ ಅಷ್ಟರಲ್ಲೇ ಕಡಿಮೆ ಆಗುತ್ತಂತೆ. ನಂಗೂ ಆಯ್ತು. ಆಪರೇಷನ್ ಎಲ್ಲಾ ಆಮೇಲಿನ ಮಾತು, ಬೇಕಾದೋರಿಗೆ ಮಾತ್ರ." ಗೋಡೆಯ ಕಡೆ ತಿರುಗಿದಳು. "ನೀರು ಕುಡಿಯೋದು ಬಿಟ್ಟಿದ್ದೀಯ ತಾನೇ? ಅದು ಇನ್ನೂ ಕೆಟ್ಟದ್ದು. ಮೂತ್ರ ಗಾಢ ಆಗಿ ಚೀಲ ಕೆರಳುತ್ತೆ. ನೀರಿಲ್ಲದ ಮೈ ನೆಗೆಯೋದಾದ್ರೂ ಹೆಂಗೆ?"

ಗೋಡೆ ಕಣ್ಣು ಒರೆಸಿಕೊಂಡಳು. ಅಮ್ಮ ಎದ್ದು ಒಳಗೆ ಹೋದಳು. ಸಿಟ್ಟು ಮಾಡಿಕೊಂಡಳು ಅಂದುಕೊಂಡರು ಇಬ್ಬರೂ. ಬರುವಾಗ ಅಮ್ಮನ ಕೈಯಲ್ಲಿ ಒಗೆದು ಮಡಚಿದ ತನ್ನದೇ ಒಳಬಟ್ಟೆ ಇತ್ತು. ಬಿಚ್ಚಿ ತೋರಿಸಿದಳು. ಒಳಗೆ ಮೆತ್ತನೆಯ ಹತ್ತಿ ಬಟ್ಟೆ, ಮೂರು ಮಡಿಕೆ.

"ನೀನು ಹುಟ್ಟಿದಾಗಿಂದ," ಎಂದಳು ಮಗಳಿಗೆ. ಮುಖ ನೋಡಿ ಹೇಳಲಾಗದೆ ನೆಲ ನೋಡುತ್ತ ಹೇಳಿದಳು. "ಲೈನಿಂಗ್ ಹಾಕು ಅಂತ ಬಂದೆಯಲ್ಲ, ಅವತ್ತೇ ನಂಗೆ ಗೊತ್ತಾಯ್ತು. ಕೇಳ್ಬೇಕಿತ್ತು. ಕೇಳಿದ್ರೆ ನಂದೂ ಹೇಳ್ಬೇಕಾಗುತ್ತಲ್ಲ ಅಂತ ಸುಮ್ನೆ ಹೊಲಿದುಕೊಟ್ಟೆ. ತಾಯಿಯಾಗಿ ನಾನು ಮಾಡೋ ಕೆಲಸ ಅಲ್ಲ ಅದು."

"ಆಟಕ್ಕೆ ಬರದೇ ಇದ್ದದ್ದೂ ಅದಕ್ಕೇನಾ?"

"ಮತ್ತೆ? ಅಷ್ಟು ಜನರ ಮಧ್ಯೆ ಕೂತಿದ್ದು, ಎದ್ದಾಗ ಕುರ್ಚಿ ಒದ್ದೆಯಾಗಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

"ನಾನು ಚಡ್ಡಿ ಹಾಕ್ಕೊಳ್ಳೋದು ನಿಂಗೆ ನಾಚಿಕೆ ಅಂದ್ಕೊಂಡಿದ್ದೆ ಅಮ್ಮಾ."

"ಆ ಚಡ್ಡಿಗೆ ಲೈನಿಂಗ್ ಹೊಲಿದೋಳೇ ನಾನು. ನಂಗೆಂಥ ನಾಚಿಕೆ?"

ಮೂವರೂ ನಕ್ಕರು. ಅಮ್ಮ ನಗುತ್ತಲೇ ಕಾಲಿಗೆ ಕಾಲು ಬಿಗಿದಳು. ಈ ಸಲ ಅದನ್ನು ಯಾರೂ ನೋಡದ ಹಾಗೆ ಇರಲಿಲ್ಲ.

ತಾಯಿ ಮಗಳು ಒಟ್ಟಿಗೇ ಡಾಕ್ಟರ ಹತ್ತಿರ ಹೋದರು. ಪರೀಕ್ಷೆಯಾದ ಮೇಲೆ ಫಿಸಿಯೋ ವ್ಯಾಯಾಮ ಕಲಿಸಿದಳು. ಮೂತ್ರವನ್ನೂ ಹೊಟ್ಟೆಯ ಗಾಳಿಯನ್ನೂ ತಡೆಯಬೇಕಾದಾಗ ಒಳಗೆ ಯಾವುದನ್ನು ಬಿಗಿ ಹಿಡಿಯುತ್ತೇವೋ, ಅದನ್ನೇ ಬಿಗಿದು ಮೇಲಕ್ಕೆಳೆದು ಹಿಡಿಯಬೇಕು. ಐದು ಎಣಿಸಿ ಪೂರ್ತಿ ಸಡಿಲ ಬಿಡಬೇಕು. ಅಷ್ಟೇ ಹೊತ್ತು ಸುಧಾರಿಸಿಕೊಂಡು ಮತ್ತೆ ಹಿಡಿಯಬೇಕು. ಉಸಿರು ಕಟ್ಟಬಾರದು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುತ್ತಿರುವಾಗ ಮಾತ್ರ ಈ ಅಭ್ಯಾಸ ಬೇಡ. ಅಮ್ಮ ಮಷೀನಿನ ಮುಂದೆ ಕೂತೇ ಮಾಡತೊಡಗಿದಳು. ಗಿರಾಕಿ ಏನಾದರೂ ಕೇಳಿದರೆ, "ಇರಮ್ಮಾ, ಎಣಿಸ್ತಿದ್ದೀನಿ," ಅನ್ನುವಳು. ಏನು ಎಣಿಸುತ್ತಾಳೆಂದು ಗಿರಾಕಿಗೆ ತಿಳಿಯದು. ಮೊದಲ ತಿಂಗಳು ಏನೂ ಗುಣ ಕಾಣದೆ, ಇದೆಲ್ಲ ಬರೀ ಬೊಗಳೆ ಎಂದು ಗೊಣಗಿದಳು. ಮೂರನೇ ತಿಂಗಳ ಹೊತ್ತಿಗೆ ನೆಮ್ಮದಿಯಾಗಿ ಸೀನತೊಡಗಿದಳು.

ಗೋಡೆಗೆ ಇನ್ನೊಂದು ಕೆಲಸ ಬಾಕಿಯಿತ್ತು. ಅದಕ್ಕೆ ಯಾವ ಡಾಕ್ಟರೂ ಇಲ್ಲ. ಅವಳು ಕ್ರೀಡಾಂಗಣದ ಆಫೀಸಿಗೆ ಹೋಗಿ, ನೆಲ ಒರೆಸುವ ಹೆಂಗಸನ್ನೂ ಕರೆಸಿ, ನಾಲ್ಕು ಜನ ಗಂಡಸರ ಮುಂದೆ ಮೇಲ್ವಿಚಾರಕನಿಗೆ ಹೇಳಿದಳು: "ಅವತ್ತು ಇವರದ್ದೇನೂ ತಪ್ಪಿರಲಿಲ್ಲ. ನೆಲದ ಮೇಲಿದ್ದದ್ದು ಬೆವರಲ್ಲ, ನನ್ನ ಮೂತ್ರ. ಗೊತ್ತಿದ್ದೂ ನಾನು ಹೇಳಲಿಲ್ಲ." ಮೇಲ್ವಿಚಾರಕ ಫ್ಯಾನು ನೋಡತೊಡಗಿದ. ಆ ಹೆಂಗಸು ಮಾತ್ರ ಅವಳನ್ನೇ ನೋಡಿ, "ನಂಗೆ ಆವಾಗ್ಲೇ ಗೊತ್ತಾಗಿತ್ತಮ್ಮ. ದಿನಾ ಒರೆಸೋಳಲ್ವಾ," ಎಂದಳು. ಗೊತ್ತಿದ್ದೂ ಆಕೆ ಬೈಸಿಕೊಂಡು ಸುಮ್ಮನಿದ್ದಳು.

ಅಲ್ಲಿಂದ ಮರಿಯ ಹಾಸ್ಟೆಲ್ಲಿಗೆ. ಪ್ಲಾಸ್ಟರು ಬಿಚ್ಚಿದ್ದರು, ಪಾದ ಇನ್ನೂ ಊದಿಕೊಂಡಿತ್ತು. ಆ ವರ್ಷದ ಪಂದ್ಯಾವಳಿ ಅವಳ ಪಾಲಿಗೆ ಮುಗಿದಿತ್ತು. ಮರಿ ಎಲ್ಲ ಕೇಳಿಸಿಕೊಂಡಳು.

"ಸೋರೋದು ನಿಮ್ಮ ತಪ್ಪಲ್ಲ ಅಕ್ಕಾ. ನಂಗೂ ಒಂದೊಂದ್ಸಲ ಹಾಗಾಗುತ್ತೆ. ನಿಮಗೆ ಹೇಳೋಣ ಅಂದ್ರೆ, ನೀವು ಗೋಡೆ, ನಿಮ್ಗೆಲ್ಲಿ ಇಂಥದ್ದೆಲ್ಲ ಅಂದ್ಕೊಂಡೆ." ಪಾದ ನೀವಿಕೊಂಡಳು. "ಆದ್ರೆ ಕೈ ಎತ್ತಬೇಕಿತ್ತು. ಒಂದು ಕೈ ಎತ್ತಿದ್ರೆ ಸಾಕಿತ್ತು."

ಗೋಡೆ ಮತ್ತೆ ತಂಡಕ್ಕೆ ಮರಳಿದ್ದಾಳೆ. ಆಟದ ದಿನ ಹೊಟ್ಟೆ ತುಂಬ ನೀರು ಕುಡಿಯುತ್ತಾಳೆ. ತಂಡದ ಹುಡುಗಿಯರೆಲ್ಲ ಈಗ ತೋಳಿನ ಕಸರತ್ತಿನ ಜೊತೆಗೆ ಆ ಕಸರತ್ತನ್ನೂ ಮಾಡುತ್ತಾರೆ. ನೆಲದ ಮೇಲೆ ಯಾರದೇ ಒಂದು ಹನಿ ಕಂಡರೂ ಮೊದಲು ಕೈ ಎತ್ತುವವಳು ಅವಳೇ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ತಾಯಂದಿರೇ, ನಿಮಗೂ ಹೀಗಾಗುತ್ತಿದ್ದರೆ ನೀರು ಬಿಡಬೇಡಿ, ಓಡಾಟ ಬಿಡಬೇಡಿ, ಕೆಲಸ ಬಿಡಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಉರಿ, ಜ್ವರ, ಮೂತ್ರದಲ್ಲಿ ರಕ್ತ ಕಂಡರೆ ಒಂದು ದಿನವೂ ತಡಮಾಡಬೇಡಿ. ಈಗ ನಿಮ್ಮ ಪಕ್ಕದಲ್ಲಿ ಕೂತವಳನ್ನು ಮೆಲ್ಲಗೆ ಕೇಳಿ, "ನಿನಗೂ ಹೀಗಾಗುತ್ತಾ?" ಅಂತ. ಅವಳು ಇಲ್ಲ ಅನ್ನುತ್ತಾಳೆ. ಆಗ ನಿಮ್ಮದನ್ನು ಹೇಳಿ, ಇನ್ನೊಂದು ಸಲ ಕೇಳಿ.