ಚಂದ್ರಿಯ ಗಂಟೆ

ಪೇಪರಿನವರಿಗೇನು, ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. 'ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಚರ್ಮಗಂಟು ರೋಗ ಉಲ್ಬಣ' ಎಂದು ನಮ್ಮ ಮನೆಯವರು ಕಟ್ಟೆಯ ಮೇಲೆ ಕುಳಿತು ಓದಿದರು. ನನಗೆ ಮೈಯೆಲ್ಲ ಉರಿಯಿತು. ನನ್ನ ತವರು ಗೋಕಾಕದ ಕಡೆ. ನನ್ನನ್ನು ಕೊಟ್ಟ ಊರು ಮೂಡಲಗಿ ಹತ್ತಿರದ ಈ ತುಕ್ಕಾನಟ್ಟಿ. ಮಗಳನ್ನು ಕೊಟ್ಟದ್ದು ಹುಕ್ಕೇರಿ ತಾಲ್ಲೂಕಿನ ಕಣಗಲಾಕ್ಕೆ. ನನ್ನ ಬದುಕೆಲ್ಲ ಈ ಮೂರು ಹೆಸರಿನೊಳಗೇ ಇದೆ, ಹಾಳಾದ ರೋಗಕ್ಕೂ ಇವೇ ಮೂರು ಸಿಗಬೇಕಿತ್ತೇ? ಸಾಕು ಮಾಡಿ, ಮಡಚಿಡಿ ಎಂದೆ. ಅವರು ಮಡಚಿಟ್ಟರು. ನಮ್ಮ ಚಂದ್ರಿ ಸತ್ತು ಇನ್ನೂ ವಾರವಾಗಿರಲಿಲ್ಲ.

ಚಂದ್ರಿ ನಮ್ಮ ಆಕಳು. ನಮ್ಮದು ಅನ್ನುವುದು ಹೆಸರಿಗೆ, ಖರೆ ಅಂದರೆ ಅದು ಮಗಳು ದ್ರಾಕ್ಷಾಯಿಣಿಯದು. ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಅವಳು. ಸಾಲೆಯಿಂದ ಬಂದವಳೇ ಪಾಟೀಚೀಲ ಒಗೆದು ಮೊದಲು ಕೊಟ್ಟಿಗೆಗೆ ಓಡುತ್ತಿದ್ದಳು. ಗಂಡನ ಮನೆಗೆ ಹೊರಟ ದಿನ ನನ್ನನ್ನು ತಬ್ಬಿ ಅತ್ತದ್ದಕ್ಕಿಂತ ಅದನ್ನು ತಬ್ಬಿ ಅತ್ತದ್ದೇ ಹೆಚ್ಚು. ನನಗೆ ಆಗ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಾಳೆ ನೀನು ಮೊದಲ ಬಾಣಂತನಕ್ಕೆ ಬಂದು ಕೂಸನ್ನು ಎತ್ತಿಕೊಂಡು ತಿರುಗಿ ಹೊರಡುವಾಗ ಚಂದ್ರಿಯನ್ನೂ ನಿನ್ನ ಹಿಂದೆ ಕಳಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅಂದು ಅವಳು ಗಾಡಿ ಹತ್ತಿದ್ದು.

ಈಗ ಅವಳು ತುಂಬಿದ ಚೊಚ್ಚಲು ಬಸುರಿ. ಕುಬಸ ಮಾಡಿ ಬಸುರಿಯ ಉಡಿ ತುಂಬಲೆಂದು ಹಸಿರು ರವಿಕೆ ಖಣ ತಂದು ಟ್ರಂಕಿನಲ್ಲಿಟ್ಟಿದ್ದೆ. ಅಷ್ಟರಲ್ಲಿ ಈ ರೋಗ ಬಂತು. ದನಗಳಿರುವ ಮನೆಯಿಂದ ದನಗಳಿರುವ ಮನೆಗೆ ಹೋಗಿಬರಬೇಡಿ ಎಂದು ದನದ ಡಾಕ್ಟರರು ಹೇಳಿದರು. ಅಳಿಯನ ಮನೆಯಲ್ಲೂ ದನಗಳಿದ್ದವು, ಕುಬಸ ಮುಂದೆ ಹೋಯಿತು. ಅವಳಿಗೆ ಬಿಪಿ ಬೇರೆ, ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನೂ ಕಿವಿಗೆ ಬೀಳಬಾರದು ಎಂದು ಅಳಿಯ ಶಿವಪುತ್ರ ನನಗೆ ಒತ್ತಿ ಒತ್ತಿ ಹೇಳಿದ್ದ. ದಿನಾ ಸಂಜೆ ಅವಳ ಫೋನು ಬರುತ್ತಿತ್ತು. ನನ್ನ ಕೂಡ ಎರಡು ಮಾತು, ಆಮೇಲೆ ಫೋನನ್ನು ಚಂದ್ರಿಯ ಕಿವಿಗೆ ಹಿಡಿಯಬೇಕು. ಇವಳು ಅಲ್ಲಿಂದ ಏನೋ ಅನ್ನುವಳು, ಅದು ಇಲ್ಲಿ ತಲೆ ಕೊಡವುವುದು, ಕೊರಳ ಗಂಟೆ ಬಾರಿಸುವುದು. ಹುಚ್ಚರ ಸಂತೆ ಎಂದು ನಾನು ಬೈಯುತ್ತಿದ್ದೆ.

ಚಂದ್ರಿಯ ಮೈಮೇಲೆ ಗಂಟು ಎದ್ದವು. ಜ್ವರ ಬಂತು, ಕಾಲು ಬಾತವು. ಡಾಕ್ಟರರು ತಮ್ಮ ಕೈಲಾದದ್ದೆಲ್ಲ ಮಾಡಿದರು. ನಾವು ವೀಳ್ಯದೆಲೆ, ಮೆಣಸು, ಬೆಲ್ಲ ಅರೆದು ನಾಲಿಗೆಗೆ ಸವರಿದೆವು, ಬೇವು ಅರಿಷಿಣ ಹಚ್ಚಿದೆವು. ಯಾವುದೂ ನಾಟಲಿಲ್ಲ. ಕೊನೆಗೆ ನನ್ನ ಕೈಯೊಳಗಿನ ರೊಟ್ಟಿಯನ್ನು ಮೂಸಿ ನೋಡಿ ಹಾಗೇ ಬಿಟ್ಟಿತು. ಮುಂಜಾನೆ ಹೋಗಿ ನೋಡಿದರೆ ಜೀವ ಹೋಗಿತ್ತು.

ಕಬ್ಬಿನ ಹೊಲದ ಬದುವಿನಲ್ಲಿ ಜೆಸಿಬಿಯಿಂದ ಕುಣಿ ತೋಡಿಸಿದರು. ಸುಣ್ಣ, ಉಪ್ಪು ತಂದಿಟ್ಟರು. ಮನೆಯ ಮಗಳನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು? ಟ್ರಂಕು ತೆಗೆದು ಆ ಹಸಿರು ಖಣ ಹಿರಿದುಕೊಂಡು ಓಡಿದೆ. ಅದನ್ನು ಮೈಮೇಲೆ ಹೊದಿಸಿ, ಅಕ್ಕಿ, ಒಣಕೊಬ್ಬರಿ, ಅರಿಷಿಣ ಬೇರು ಇಟ್ಟು ಉಡಿ ತುಂಬಿದೆ. ಅದು ದ್ರಾಕ್ಷಾಯಿಣಿಗೆ ತಂದದ್ದಲ್ಲವೇ ಎಂದರು ಇವರು.

"ಇಕಿ ಯಾರ್ರಿ ಮತ್ತ?" ಎಂದೆ.

ಅವರು ಚಂದ್ರಿಯ ಕೊರಳ ಗಂಟೆ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಆ ಸಂಜೆಯೂ ಫೋನು ಬಂತು, ಚಂದ್ರಿಗೆ ಕೊಡು ಎಂದಳು. ನಾನು ಏನಂತ ಹೇಳಲಿ? ಮೇವಿನ ಖಾಲಿ ಗೋದಲಿಯ ಮುಂದೆ ನಿಂತು ಕೈಯಿಂದ ಗಂಟೆ ಅಲ್ಲಾಡಿಸಿದೆ. ಅವಳು ಮಾತಾಡಿದಳು, ಮೇವು ತಿನ್ನು, ಅವ್ವನನ್ನು ಕಾಡಬೇಡ ಎಂದಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಬಾರಿಸಿದೆ. ಅಂದಿನಿಂದ ದಿನವೂ ಅದೇ ನಡೆಯಿತು. ಆ ಹೊತ್ತಿಗೆ ಇವರು ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದರು.

ಪೇಪರು ಓದಿದ ದಿನದ ಸಂಜೆ ಮತ್ತೆ ಫೋನು. ನಾನು ಗಂಟೆ ಹಿಡಿದು ಬಾರಿಸತೊಡಗಿದೆ.

"ಅವ್ವಾ, ಗಂಟಿ ಕೆಳಗ ಇಡು. ಕೈ ನೋಯತಾವು ನಿನಗ."

ಅವಳಿಗೆ ಮೊದಲ ಸಂಜೆಯೇ ಗೊತ್ತಾಗಿತ್ತಂತೆ. ಅವಳ ದನಿ ಕೇಳಿದರೆ ಚಂದ್ರಿ ಮೊದಲು ಫೋನಿಗೆ ಮೂಗು ಹಚ್ಚಿ ಉಸಿರು ಬಿಡುತ್ತಿತ್ತು, ಗಂಟೆ ಆಮೇಲೆ. ನನಗೆ ಆ ಉಸಿರು ನೆನಪೇ ಆಗಿರಲಿಲ್ಲ. ಮತ್ತೆ ನೀನು ದಿನವೂ ಯಾರ ಕೂಡ ಮಾತಾಡಿದೆ ಎಂದು ಸಿಟ್ಟಿನಿಂದ ಕೇಳಿದೆ.

"ನೀ ಒಬ್ಬಾಕಿ ನಿಂತು ಬಾರಿಸಾಕತ್ತಿದ್ದಿ. ಬ್ಯಾಡ ಅನ್ನಾಕ ನನಗ ಧೈರ್ಯ ಆಗಲಿಲ್ಲ" ಎಂದಳು. ಆಮೇಲೆ, "ಉಡಿ ತುಂಬಿದಿ ಏನವ್ವಾ?" ಎಂದಳು.

"ತುಂಬೇನಿ. ನಿನ್ನ ಖಣಾನ ಹೊದಿಸೇನಿ."

ಚಲೋ ಮಾಡಿದಿ ಎಂದಳು. ಅಲ್ಲಿಯವರೆಗೂ ಅವಳು ಅತ್ತಿರಲಿಲ್ಲ, ದನಿ ಗಟ್ಟಿಯಾಗಿಯೇ ಇತ್ತು. ಹೇಳಿದಂತೆ ನಾನು ಗಂಟೆಯನ್ನು ಗೋದಲಿಯೊಳಗೆ ಇಟ್ಟೆ. ಇಡುವಾಗ ಅದು ಒಂದು ಸಲ ತಾನೇ ಸಪ್ಪಳ ಮಾಡಿತು. ಆ ಸಪ್ಪಳ ಕೇಳಿ ನನ್ನ ಮಗಳು ಕಣಗಲಾದಲ್ಲಿ ಗೊಳೋ ಎಂದು ಅತ್ತಳು. ಹೋಗಿ ತಬ್ಬಿಕೊಳ್ಳುವಂತಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಅಲ್ಲೇ ನಿಂತೆ.