ಸಂಜೆಗೆ ಬನ್ನಿ

ಕಾಶವ್ವ ಸೊಸೆಯ ಪರ್ಸಿಗೆ ಕೈಹಾಕಿ ಮಾತ್ರೆಯ ಪಟ್ಟಿ ಹೊರತೆಗೆದಳು.

"ಇನ್ನೊಂದು ನುಂಗ, ಪೂನಂ. ಕಣ್ಣು ಮುಚ್ಚಾಕತ್ತಾವ."

"ಬ್ಯಾಡ್ರಿ ಅತ್ತಿ. ಮುಂದಿಂದು ಆರಕ್ಕ. ನಡುವ ತಗೋಬಾರ್ದು ಅಂತ ಡಾಕ್ಟರ್ ಹೇಳ್ಯಾರ."

"ಹೇಳಿದವರ ಹೋಗ್ಯಾರಲ್ಲ!"

"ಅವರು ಹೋದ್ರ ಅವರ ಮಾತೂ ಹೋಕ್ಕೈತೇನ್ರಿ?"

ನರರೋಗ ತಜ್ಞ ಡಾ. ವಿಷ್ಣುಮೂರ್ತಿ ಬೆಳಿಗ್ಗೆ ನವಿಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಡೊಂಬಿವಲಿಯ ಅವರ ಕಟ್ಟಡದ ಕೆಳಗೆ ಮೂರಕ್ಕೆ ಬರಬೇಕಿದ್ದ ಆಂಬ್ಯುಲೆನ್ಸ್ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಈಗ ಐದು ಗಂಟೆ; ಅತ್ತೆ ಸೊಸೆ ಅಲ್ಲೇ ಕಾಯುತ್ತಿದ್ದರು. ಪೂನಂಗೆ ಬೇಕಿದ್ದುದು ಒಂದೇ, ಅವರ ಮುಖವನ್ನು ಕೊನೆಯ ಸಲ ನೋಡುವುದು. ಆದರೆ ಹೊತ್ತು ಇಳಿದಂತೆ ಅವಳ ರೆಪ್ಪೆಗಳೂ ಇಳಿಯುತ್ತಿದ್ದವು.

ಕ್ಲಿನಿಕ್ಕಿನಲ್ಲಿ ನಂಬರು ಕೂಗುತ್ತಿದ್ದ ಗುಣಪಾಲ ಫೋನ್ ಇಟ್ಟ. "ಕಟಾಯಿ ನಾಕಾ ದಾಟಿದೆಯಂತೆ. ಪೇಶಂಟುಗಳನ್ನು ಕಾಯಿಸ್ತೀಯಾ ಅಂತ ಹದಿನೆಂಟು ವರ್ಷ ನನಗೆ ಬೈದ್ರು. ಇವತ್ತು ನೋಡಿ, ಅವರದ್ದೇ ಲೇಟು."

ನಗಲು ಹೋಗಿ ಅವನು ಮುಖ ತಿರುಗಿಸಿಕೊಂಡ.

*

ಮೂರು ವರ್ಷದ ಹಿಂದೆ ಕಾಶವ್ವ ಸೊಸೆಯನ್ನು ಕಲ್ಯಾಣದಿಂದ ಡಾಕ್ಟರ ಕ್ಲಿನಿಕ್ಕಿಗೆ ಎಳೆದುಕೊಂಡೇ ಬಂದಿದ್ದಳು.

"ಮುಂಜಾನೆ ಚಲೋ ಇರ್ತಾಳ್ರಿ. ಸಂಜಿ ರೊಟ್ಟಿ ಬಡಿಯೂ ಹೊತ್ತಿಗೆ ಕಣ್ಣು ಮುಚ್ಚತಾಳ, ಕೈ ಇಳಿಬಿಡತಾಳ. ಎಲ್ಲಾ ನಾಟಕ!"

ಡಾಕ್ಟರು ಪರೀಕ್ಷಿಸಿದರು. "ಈಗ ಎಂತದೂ ಕಾಣುವುದಿಲ್ಲ. ಸಂಜೆಗೆ ಬನ್ನಿ. ರೊಟ್ಟಿಯೆಲ್ಲ ಬಡಿದೇ ಬನ್ನಿ."

ಸಂಜೆ ಅವರು ಪೂನಂಗೆ ಮೇಲಿನ ಫ್ಯಾನನ್ನೇ ನೋಡುತ್ತಿರಲು ಹೇಳಿದರು. ನಿಮಿಷ ತುಂಬುವ ಮೊದಲೇ ರೆಪ್ಪೆಗಳು ತಾವಾಗಿ ಇಳಿದವು.

"ನಾಟಕ ಅಲ್ಲಮ್ಮ. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ದಣಿದ ಹಾಗೆ ಜಾಸ್ತಿಯಾಗ್ತದೆ. ಔಷಧಿ ಉಂಟು."

"ನಾ ಹೇಳಿದ್ದು ನನ್ನ ಮಗಗ ಮುಟ್ಟೂದಿಲ್ಲಲ್ರಿ, ಹಂಗೇನ್ರಿ?"

"ಅದಕ್ಕೆ ಔಷಧಿ ಇಲ್ಲ," ಎಂದು ಡಾಕ್ಟರು ನಕ್ಕರು.

ಪೂನಂ ಅಲ್ಲೇ ಅತ್ತುಬಿಟ್ಟಳು. ಅವಳು ಸುಳ್ಳು ಹೇಳುತ್ತಿಲ್ಲವೆಂದು ಒಬ್ಬರು ಹೇಳಿದ್ದು ಅದೇ ಮೊದಲು.

*

"ಅವರ ಅಮ್ಮ ಕಾರ್ಕಳದಲ್ಲಿ ಬೀಡಿ ಕಟ್ತಿದ್ರು," ಎಂದ ಗುಣಪಾಲ. "ಸಂಜೆಯಾದ್ರೆ ಬೆರಳು ಏಳ್ತಿರಲಿಲ್ಲ. ಊರವರು ಉದಾಸೀನ, ಮೈಗಳ್ಳತನ ಅಂದ್ರು. ಇವರು ಓದಿ, ಅದು ಕಾಯಿಲೆ ಅಂತ ತಿಳಿಯುವಾಗ ಅಮ್ಮ ಇರಲಿಲ್ಲ."

ಕಾಶವ್ವ ಮಾತ್ರೆಯ ಪಟ್ಟಿಯನ್ನು ಪರ್ಸಿನೊಳಗೆ ಇಟ್ಟಳು.

ಆಂಬ್ಯುಲೆನ್ಸ್ ಬಂತು. ಮುಖದ ಬಟ್ಟೆ ಸರಿಸಿದರು. "ಚಲಾ, ಲವಕರ್," ಎಂದು ಡ್ರೈವರ್ ಅವಸರಪಡಿಸಿದ. ಜನ ಒತ್ತಿಕೊಂಡು ಬಂದರು. ಪೂನಂ ಹುಬ್ಬು ಏರಿಸಿದಳು, ತಲೆಯನ್ನು ಹಿಂದಕ್ಕೆ ವಾಲಿಸಿದಳು. ಬಿಳಿಯ ಬಟ್ಟೆಯ ಅಂಚಷ್ಟೇ ಕಂಡಿತು.

"ಅತ್ತೀ, ಕಾಣವಲ್ದು."

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡಳು. ಹಿಂದೆ ನಿಂತು ಸೊಸೆಯ ತಲೆಯನ್ನು ಎದೆಗೆ ಒರಗಿಸಿಕೊಂಡು, ಎರಡು ತೋರುಬೆರಳುಗಳಿಂದ ಅವಳ ರೆಪ್ಪೆಗಳನ್ನು ಮೆಲ್ಲಗೆ ಎತ್ತಿ ಹಿಡಿದಳು.

"ನೋಡವ್ವ. ಸಾವಕಾಶ ನೋಡು."

ಹಿಂದಿನವರು ನೂಕಿದರು. ಬೆರಳುಗಳು ಒದ್ದೆಯಾದವು. ಕಾಶವ್ವ ಅಲುಗಲಿಲ್ಲ.