ಸ್ಪೀಕರಿನ ಸೀಳು

ಮೊದಲ ಏಟಿಗೇ ತಮ್ಮನ ಕೈ ನಿಂತಿತು. ಬೇಸ್ ಗಿಟಾರಿನ ದಪ್ಪ ತಂತಿ ಇನ್ನೂ ಅದುರುತ್ತಿತ್ತು. ಸ್ಪೀಕರಿನಿಂದ ಹೊರಟ ದನಿ ದುಂಡಗೆ, ನಯವಾಗಿ ರೆಕಾರ್ಡಿಂಗ್ ಸ್ಟುಡಿಯೋದ ಕೋಣೆ ತುಂಬಿ, ಎಲ್ಲೂ ತಡವರಿಸದೆ ಆರಿಹೋಯಿತು. ಅವನು ಒಂದು ಗುಂಡಿ ತಿರುಗಿಸಿ ಮತ್ತೆ ಹೊಡೆದ. ಅದೇ ದುಂಡು ದನಿ. ಡ್ರಮ್ಮಿನ ಹಿಂದೆ ಕೂತವಳು ಕೋಲುಗಳನ್ನು ತೊಡೆಯ ಮೇಲಿಟ್ಟು, "ಇದೇನೋ ಇದು, ಲಿಫ್ಟಿನೊಳಗೆ ಹಾಕ್ತಾರಲ್ಲ, ಆ ಸಂಗೀತದ ಥರ ಇದೆ?" ಎಂದು ನಕ್ಕಳು. ತಮ್ಮ ನಗಲಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಹದಿನೆಂಟು ವರ್ಷಗಳಲ್ಲಿ ಅವನ ತಂಡ ಬಾರಿಸುವ ಕಡೆಗೆ ಅವಳು ಬಂದದ್ದು ಇದೇ ಮೊದಲು. ಹೊಲಿಗೆಯ ಅಂಗಡಿಗೆ ಬೀಗ ಹಾಕಿ, ಅವನ ಮುಖ ಅರಳುವುದನ್ನು ಕಣ್ಣಾರೆ ನೋಡಬೇಕೆಂದೇ ಬಂದಿದ್ದಳು.

"ಹೇಗಿದೆಯೋ?" ಅಂದಳು. "ಕೈಗೆ ಪಟ್ಟಿ ಕಟ್ಕೊಂಡು ಆರು ವಾರ ಸುಮ್ನೆ ಕೂತಿದ್ಯಲ್ಲ, ಆಗ ರಿಪೇರಿಗೆ ಕೊಟ್ಟೆ. ಸ್ಪೀಕರ್ ಒಳಗಿನ ಕಾಗದ ಹರಿದು ಜೋತಾಡ್ತಿತ್ತು ಕಣೋ. ತಂತಿ ಪೂರ್ತಿ ತುಕ್ಕು, ಅದರಲ್ಲೂ ಎರಡು ಇರಲೇ ಇಲ್ಲ. ರಿಪೇರಿಯವರು ನೋಡಿ ಅಯ್ಯೋ ಪಾಪ ಅಂದ್ರು."

ರಿಪೇರಿ ಅಂಗಡಿಯಿಂದ ಸಾಮಾನು ನೇರವಾಗಿ ಇಲ್ಲಿಗೇ ಬಂದಿತ್ತು. ಪೆಟ್ಟಿಗೆ ತೆರೆದಾಗ ನಾಲ್ಕು ಹೊಸ ತಂತಿ ಹೊಳೆದಿದ್ದವು. ಬದಲಾದದ್ದು ತಂತಿಯಷ್ಟೇ ಆಗಿದ್ದರೆ ಹೇಗೋ ಆಗುತ್ತದೆ ಎಂದುಕೊಂಡಿದ್ದ ತಮ್ಮ.

ಆ ಕಾಗದ ಹರಿದದ್ದು ಅವರ ಎರಡನೆಯ ಕಾರ್ಯಕ್ರಮದಲ್ಲಿ. ಡ್ರಮ್ಮಿನ ಕಬ್ಬಿಣದ ಸ್ಟ್ಯಾಂಡ್ ಸ್ಪೀಕರಿನ ಮೇಲೆ ಬಿದ್ದು ಒಳಗಿನ ಕಪ್ಪು ಕಾಗದದ ಬಟ್ಟಲನ್ನು ಸೀಳಿತ್ತು. ಮಾರನೆಯ ದಿನ ಹೇಗಿದೆಯೋ ನೋಡೋಣವೆಂದು ಬಾರಿಸಿದರೆ, ಪ್ರತಿ ಏಟಿಗೂ ಆ ಸೀಳು ತಾನೂ ದನಿಗೂಡಿಸಿತು. ಅಂದಿನಿಂದ ಅವನು ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ತೆಳುವಾದ ಎರಡು ತಂತಿಗಳನ್ನು ಕಿತ್ತೆಸೆದ. ಉಳಿದ ಎರಡನ್ನು ಸಡಿಲಿಸಿ, ಬೆವರು ಕುಡಿದು ಅವು ಮಂಕಾಗುವವರೆಗೆ ಬಿಟ್ಟ. ಬೆರಳಿನಿಂದ ಮೀಟುವುದನ್ನು ಮರೆತು, ದಪ್ಪ ಪ್ಲಾಸ್ಟಿಕ್ ತುಂಡಿನಿಂದ ಮಣಿಕಟ್ಟು ಬೀಸಿ ಮೇಲಿನಿಂದ ಕೆಳಕ್ಕೆ, ಬರೀ ಮೇಲಿನಿಂದ ಕೆಳಕ್ಕೆ, ಹೊಡೆದ. ಗದ್ದಲವನ್ನೇ ಸಂಗೀತ ಮಾಡುವ ಅವರ ನಾಯ್ಸ್ ರಾಕ್ ತಂಡವನ್ನು ಕೇಳುತ್ತಿದ್ದವರು ಕೆಲವು ನೂರು ಜನ. ಒಬ್ಬ ಪತ್ರಿಕೆಯವನು "ಇದು ಬೇಸ್ ಅಲ್ಲ, ಕಟ್ಟಡ ಕುಸಿಯುವ ಸದ್ದು" ಎಂದು ಬರೆದಾಗ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ತಮ್ಮ ಅದಕ್ಕೆ ಚೌಕಟ್ಟು ಹಾಕಿಸಿ ತಂದಿದ್ದ.

ಆದರೆ ಆ ಸದ್ದು ಎಲ್ಲೂ ಸರಿಯಾಗಿ ದಾಖಲಾಗಿರಲಿಲ್ಲ. ಯಾರ್ಯಾರೋ ಫೋನಿನಲ್ಲಿ ಹಿಡಿದದ್ದೆಲ್ಲ ಬರೀ ಗರಗರ. ಈಗ ಬೀಸಿ ಬೀಸಿ ತಮ್ಮನ ಮಣಿಕಟ್ಟಿನ ನರ ಸವೆದು ಎಳೆಯಷ್ಟೇ ಉಳಿದಿತ್ತು. ಮುಂದಿನ ವಾರ ಆಪರೇಷನ್. ಆಮೇಲೆ ಅಂಗಿಯ ಗುಂಡಿ ಹಾಕಬಹುದು, ಚಮಚ ಹಿಡಿಯಬಹುದು, ಬಾರಿಸುವುದು ಮಾತ್ರ ಆಗದು ಎಂದಿದ್ದರು ಡಾಕ್ಟರು. ಬೇಡಿಕೊಂಡದ್ದಕ್ಕೆ ರೆಕಾರ್ಡಿಂಗಿಗೆಂದು ಒಂದೇ ಒಂದು ದಿನ ಬಿಟ್ಟುಕೊಟ್ಟಿದ್ದರು. ಆ ದಿನ ಇವತ್ತು.

ಎಲ್ಲರೂ ‘ಉದ್ದ’ ಎಂದೇ ಕರೆಯುವ ತಂಡದ ಗಿಟಾರಿನವನು ರಿಪೇರಿಯವನಿಗೆ ಫೋನು ಮಾಡಿದ. ಸ್ಪೀಕರಿನ ಹಳೇ ಕಾಗದ ಇದೆಯೇ ಎಂದು ಕೇಳಿದ.

"ಅದನ್ಯಾಕೆ ಇಟ್ಕೊಳ್ಳಲಿ ಸಾರ್? ಆವತ್ತೇ ಕಸಕ್ಕೆ ಹೋಯ್ತು," ಆ ಕಡೆಯ ದನಿಯಲ್ಲಿ ಹೆಮ್ಮೆ ತುಂಬಿತ್ತು. "ಅಂಥ ಹಾಳು ಮಾಲು ಇದುವರೆಗೂ ಕಂಡಿಲ್ಲ ಬಿಡಿ. ಈಗ ಕೇಳಿ, ಬೆಣ್ಣೆ!"

ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ತಪ್ಪು ಮಾಡ್ಬಿಟ್ನೇನೋ?"

ಡ್ರಮ್ಮಿನವಳು, "ಇಲ್ಲ ಅಕ್ಕ, ಹಾಗೇನಿಲ್ಲ" ಎಂದು ಶುರುಮಾಡುವಷ್ಟರಲ್ಲಿ ತಮ್ಮ ಬಾಯಿಬಿಟ್ಟ.

"ಆ ಸೀಳೇ ನಂದಾಗಿತ್ತು ಅಕ್ಕ. ಮಿಕ್ಕಿದ್ದನ್ನ ಯಾರು ಬೇಕಾದ್ರೂ ಬಾರಿಸ್ತಾರೆ."

ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವಳು ಎದ್ದು, ಚೀಲದಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ಸ್ಪೀಕರಿನ ಮುಂದೆ ಮಂಡಿಯೂರಿದಳು.

"ಎಲ್ಲಿತ್ತು, ತೋರಿಸು."

ಅವನು ಮುಂದಿನ ಜಾಲರಿ ಬಿಚ್ಚಿ ಬೆರಳಿಟ್ಟು ತೋರಿಸಿದ. ಅವಳು ಉಸಿರು ಬಿಗಿಹಿಡಿದು ಕತ್ತರಿಸಿದಳು. ತಮ್ಮ ಬಾರಿಸಿದ. ಹೊಸ ಕಾಗದ ಪಟಪಟ ಅಂದಿತು.

"ತೀರಾ ನೀಟಾಗಿ ಕತ್ತರಿಸ್ಬಿಟ್ರಿ ಅಕ್ಕ," ಅಂದ ಉದ್ದ. "ಅಂಗಿ ತೋಳಲ್ಲ ಅದು."

ಅವಳು ಕತ್ತರಿ ಕೆಳಗಿಟ್ಟು ಉಗುರಿನಿಂದ ಹರಿದಳು. ನೀರು ಚಿಮುಕಿಸಿದಳು. ಅಂಗೈಯಿಂದ ಕಾಗದದ ಅಂಚನ್ನು ತಿಕ್ಕಿ ತಿಕ್ಕಿ ಜೂಲು ಮಾಡಿದಳು. ಪ್ರತಿ ಸಲವೂ ತಮ್ಮ ಬಾರಿಸಿ ನೋಡಿದ. ಪ್ರತಿ ಸಲವೂ ಅದು ಬೇರೆ ಯಾರದೋ ಹರಕು ಸ್ಪೀಕರಿನಂತೆ ಕೇಳಿಸಿತು. ಹೀಗೆ ಪರೀಕ್ಷೆ ಮಾಡುವುದರಲ್ಲೇ ಅವನ ಕೈಯ ಕಸುವು ತೀರುತ್ತ ಬಂದಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಮೇಲೆ, "ಇದ್ದ ಹಾಗೇ ಹೊಡೆಯೋಣ" ಎಂದು ಶುರುಮಾಡಿದರು. ಎರಡು ಹಾಡು ಮುಗಿದವು. ಮೂರನೆಯದರ ನಡುವೆ ಪ್ಲಾಸ್ಟಿಕ್ ತುಂಡು ಅವನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡ. ಮತ್ತೆ ಬಿತ್ತು. ಮೂರನೆಯ ಸಲ ಅವನು ಬಗ್ಗಲಿಲ್ಲ.

ಗಾಜಿನ ಆಚೆಯಿಂದ ರೆಕಾರ್ಡಿಂಗಿನವನು ಆ ಎರಡು ಹಾಡುಗಳನ್ನು ಕೇಳಿಸಿದ. ಲಯ ಗಟ್ಟಿಯಾಗಿತ್ತು, ಹರಕು ದನಿಯೂ ಇತ್ತು. ಯಾವ ತಂಡದ್ದಾದರೂ ಆಗಬಹುದಿತ್ತು.

"ಹೇಗಿತ್ತು ಹೇಳು ಆ ಹಳೇ ಸದ್ದು?" ತಮ್ಮ ನೆಲದ ಮೇಲೆ ಕೂತು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ. "ನಿಂಗೆ ನೆನಪಿದ್ಯಾ?"

"ಇಲ್ದೆ ಏನು? ಗ್ರಾಆಆ..." ಅಂದ ಉದ್ದ.

"ಅಯ್ಯೋ, ಅದು ಲಾರಿ," ಅಂದಳು ಡ್ರಮ್ಮಿನವಳು. "ಝರ್ರ್‌ರ್... ಹೀಗೆ."

"ಅದು ನೊಣ."

ನಲವತ್ತು ದಾಟಿದ ಇಬ್ಬರೂ ಬಾಯಿ ಸೊಟ್ಟ ಮಾಡಿಕೊಂಡು ಗುರುಗುಟ್ಟಿದರು, ಒಬ್ಬರನ್ನೊಬ್ಬರು ತಿದ್ದಿದರು, ನಕ್ಕರು, ಆಮೇಲೆ ನಗು ನಿಂತಿತು. ತಮ್ಮನೂ ಬಾಯಿ ತೆರೆದ. ಹದಿನೆಂಟು ವರ್ಷವೂ ಆ ಸದ್ದು ಅವನಿಗೆ ಎದೆಗೆ ಬಡಿದು ಗೊತ್ತೇ ಹೊರತು ಕಿವಿಯಿಂದಲ್ಲ. "ನಂಗೂ ಬರ್ತಿಲ್ಲ," ಅಂದ.

ಆಗ ಅಕ್ಕ, ಕುರ್ಚಿಯಲ್ಲಿ ಕೂತವಳು, ನೆಲ ನೋಡುತ್ತಲೇ ಶುರುಮಾಡಿದಳು. ಅಷ್ಟು ವರ್ಷವೂ ಅವಳ ಹೊಲಿಗೆ ಯಂತ್ರಕ್ಕೂ ಅವನು ದಿನಾ ಬಾರಿಸುತ್ತಿದ್ದ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ದನಿ ಗಂಟಲಿಗಿಂತ ಕೆಳಗಿನಿಂದ ಬಂತು. ಮೊದಲು ದಪ್ಪ ಬಟ್ಟೆ ಹರಿದ ಹಾಗೆ, ಆಮೇಲೆ ಭಾರವಾದದ್ದೇನನ್ನೋ ತಗಡಿನ ಮೇಲೆ ಎಳೆದ ಹಾಗೆ, ಕೊನೆಯಲ್ಲಿ ಒಂದು ಸಣ್ಣ ನಡುಕ. ಉಸಿರು ಮುಗಿಯುವವರೆಗೂ ಬಿಡಲಿಲ್ಲ.

ಅದಲ್ಲ ಎಂದು ಯಾರೂ ಹೇಳಲಿಲ್ಲ. ತಮ್ಮ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಆಗಲೇ ಒಳಗೆ ಬಂದು ಮೈಕುಗಳನ್ನು ಕಳಚಿದ್ದ ರೆಕಾರ್ಡಿಂಗಿನವನು ಅವುಗಳ ವೈರನ್ನು ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಸುತ್ತುತ್ತಲೇ ಇದ್ದ.